ಎರಡು ಟಿಕೆಟ್, ನಡುವೆ ಮೂರು ಗಂಟೆ: ಯಾರಿಗೆ ಸಾಕು, ಯಾರಿಗೆ ಸಾಲದು

ಟೊರಾಂಟೊದಲ್ಲಿ ಓದುತ್ತಿರುವ ಸೋದರಳಿಯ ಮೊನ್ನೆ ನಾಲ್ಕು ಸ್ಕ್ರೀನ್‌ಶಾಟ್ ಕಳಿಸಿ ಕೇಳಿದ: "ಮಾವ, ಡೆಲ್ಲಿಲಿ ಮೂರು ಗಂಟೆ ಇದೆ. ಸಾಕಲ್ವಾ?"

"ಊರಿಗೆ ಬರೋವಾಗಲೋ, ವಾಪಸ್ ಹೋಗೋವಾಗಲೋ?"

"ಎರಡು ಸಲಾನೂ ಅಷ್ಟೇ ಇದೆ."

"ಹಾಗಾದ್ರೆ ಬರೋವಾಗ ನಡೆಯತ್ತೆ, ಹೋಗೋವಾಗ ಆಗಲ್ಲ."

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. ಅವನು ನೋಡುತ್ತಿದ್ದುದು ಬೇರೆ ಬೇರೆಯಾಗಿ ಕೊಳ್ಳುವ ಎರಡು ಟಿಕೆಟ್. ಊರಿಗೆ ಬರುವಾಗ ಮೊದಲನೆಯದು ಟೊರಾಂಟೊ–ಡೆಲ್ಲಿ, ದುಬಾರಿ ಟಿಕೆಟ್ಟು. ಎರಡನೆಯದು ಡೆಲ್ಲಿ–ಬೆಂಗಳೂರು. ಅದು ತಪ್ಪಿತು ಅಂತಲೇ ಇಟ್ಟುಕೊಳ್ಳಿ: ಕೈಬಿಡುವುದು ಏಳೆಂಟು ಸಾವಿರ ರೂಪಾಯಿ, ಬೆಂಗಳೂರಿಗೆ ಡೆಲ್ಲಿಯಿಂದ ದಿನವಿಡೀ ವಿಮಾನ ಇರುತ್ತದೆ, ಹೆಚ್ಚೆಂದರೆ ಅಮ್ಮ ಮಾಡಿಟ್ಟ ಊಟ ಆರುತ್ತದೆ. ವಾಪಸ್ ಹೋಗುವಾಗ ಲೆಕ್ಕ ತಿರುಗುಮುರುಗು. ಅಗ್ಗದ ಬೆಂಗಳೂರು–ಡೆಲ್ಲಿ ವಿಮಾನ ಒಂದೂವರೆ ಗಂಟೆ ತಡವಾದರೆ ಅದು ಕೊಚ್ಚಿಕೊಂಡು ಹೋಗುವುದು ಅರವತ್ತೋ ಎಪ್ಪತ್ತೋ ಸಾವಿರದ ಟಿಕೆಟ್ಟನ್ನು. ಮೂರು ಗಂಟೆ ಅದೇ ಮೂರು ಗಂಟೆ. ಅದರ ಆಚೆ ಪಣಕ್ಕಿಟ್ಟಿರುವುದು ಬೇರೆ. ಬೇರೆ ಬೇರೆಯಾಗಿ ಕೊಂಡ ಟಿಕೆಟ್‌ಗಳ ವಿಷಯದಲ್ಲಿ ನಾನು ಮೊದಲು ನೋಡುವುದು ಗಡಿಯಾರವನ್ನಲ್ಲ, ಎರಡನೇ ಟಿಕೆಟ್‌ನ ಬೆಲೆಯನ್ನು.

ಬೆಂಗಳೂರಿನಿಂದ ಹೊರಟು, ಎರಡನೇ ಟಿಕೆಟ್ಟನ್ನು ಹೋಗಿಬರುವುದಕ್ಕೆ ಸೇರಿಸಿಯೇ ತೆಗೆದವರಿಗೆ ಇನ್ನೊಂದು ಏಟು ಕಾದಿರುತ್ತದೆ. ರೌಂಡ್ ಟ್ರಿಪ್ ಟಿಕೆಟ್‌ನಲ್ಲಿ ಹೋಗುವ ವಿಮಾನವನ್ನು ಹತ್ತದಿದ್ದರೆ ವಿಮಾನ ಕಂಪನಿ ಅದನ್ನು 'ನೋ-ಶೋ' ಎಂದು ಬರೆದು ಬರುವ ಟಿಕೆಟ್ಟನ್ನೂ ರದ್ದು ಮಾಡುವುದು ಸಾಮಾನ್ಯ ಪದ್ಧತಿ. ಹೋಗುವುದಕ್ಕೆ ಹೊಸ ಟಿಕೆಟ್ ಕೊಂಡು ಹೇಗೋ ತಲುಪಿ, ತಿಂಗಳ ನಂತರ ವಾಪಸ್ ಹೊರಟಾಗ ಕೌಂಟರಿನಲ್ಲಿ ಇದು ಗೊತ್ತಾದವರನ್ನು ನಾನು ಕಂಡಿದ್ದೇನೆ.

ನಿಮ್ಮ ಕೈಲಿರುವುದು ಒಂದು ಟಿಕೆಟ್ಟೋ, ಎರಡೋ?

ಪೆದ್ದು ಪ್ರಶ್ನೆ ಅನ್ನಿಸಬಹುದು. ಆದರೆ ಒಂದೇ ವೆಬ್‌ಸೈಟಿನಲ್ಲಿ, ಒಂದೇ ಸಲ ದುಡ್ಡು ಕಟ್ಟಿದ ಮಾತ್ರಕ್ಕೆ ಅದು ಒಂದೇ ಟಿಕೆಟ್ ಆಗುವುದಿಲ್ಲ. ಎಷ್ಟೋ ಬುಕಿಂಗ್ ಸೈಟುಗಳು ಎರಡು ಕಂಪನಿಗಳ ಟಿಕೆಟ್ ತಾವೇ ಜೋಡಿಸಿ ಒಂದೇ ಪ್ರಯಾಣದ ಹಾಗೆ ತೋರಿಸುತ್ತವೆ. ಸಣ್ಣ ಅಕ್ಷರದಲ್ಲಿ 'ಸೆಲ್ಫ್ ಟ್ರಾನ್ಸ್‌ಫರ್' ಎಂದು ಎಲ್ಲೋ ಬರೆದಿರುತ್ತದೆ, ಅಂದರೆ ನಡುವೆ ವಿಮಾನ ಬದಲಿಸುವ ಹೊಣೆ ನಿಮ್ಮದೇ. ಖಾತ್ರಿ ಮಾಡಿಕೊಳ್ಳಲು ಇ-ಟಿಕೆಟ್ ನಂಬರ್ ನೋಡಿ. ಅದು 13 ಅಂಕಿಯದು, ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ವಿಮಾನ ಕಂಪನಿಯ ಗುರುತು. ಏರ್ ಇಂಡಿಯಾದ್ದು 098. ಎರಡೂ ವಿಮಾನಗಳಿಗೆ ಒಂದೇ ನಂಬರ್ ಇದ್ದರೆ ಒಂದು ಟಿಕೆಟ್. ಬೇರೆ ಬೇರೆ ಇದ್ದು, ಪಿಎನ್‌ಆರ್ ಕೂಡ ಬೇರೆಯಾಗಿದ್ದರೆ ಎರಡು.

ಒಂದು ಟಿಕೆಟ್ ಎಂದರೆ ಬೆಂಗಳೂರಿನಿಂದ ಕೊನೆಯ ಊರಿನವರೆಗೆ ತಲುಪಿಸುವುದು ಕಂಪನಿಯ ಹೊಣೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಅವರೇ ಹಾಕಬೇಕು. ಯುರೋಪಿನ ಮೇಲೆ ಹೋಗುವವರಿಗೆ ಇದಕ್ಕೆ ರೊಕ್ಕದ ಬೆಲೆಯೂ ಇದೆ. ಯುರೋಪಿಯನ್ ಒಕ್ಕೂಟದ 261/2004 ನಿಯಮದ ಪ್ರಕಾರ, ಬೆಂಗಳೂರು–ಫ್ರಾಂಕ್‌ಫರ್ಟ್–ಓಸ್ಲೋ ಪ್ರಯಾಣವನ್ನು ಅಲ್ಲಿನ ಕಂಪನಿಯಲ್ಲಿ ಒಂದೇ ಬುಕಿಂಗ್‌ನಲ್ಲಿ ಮಾಡಿದ್ದರೆ ತಡವನ್ನು ಎಣಿಸುವುದು ಓಸ್ಲೋದಲ್ಲಿ. ಫ್ರಾಂಕ್‌ಫರ್ಟ್‌ಗೆ ಐವತ್ತು ನಿಮಿಷ ತಡವಾಗಿ, ಕನೆಕ್ಷನ್ ತಪ್ಪಿ, ಓಸ್ಲೋಗೆ ಮೂರು ಗಂಟೆಗಿಂತ ತಡವಾಗಿ ಮುಟ್ಟಿದರೆ 600 ಯೂರೋವರೆಗೆ ಕೇಳಬಹುದು. ಹವಾಮಾನದಂಥ ಅಸಾಧಾರಣ ಕಾರಣವಿದ್ದರೆ ಮಾತ್ರ ಇಲ್ಲ. ಅದೇ ಎರಡು ವಿಮಾನಗಳನ್ನು ಎರಡು ಟಿಕೆಟ್‌ಗಳಲ್ಲಿ ಕೊಂಡಿದ್ದರೆ? ಮೊದಲ ಕಂಪನಿಯ ಲೆಕ್ಕದಲ್ಲಿ ನೀವು ಫ್ರಾಂಕ್‌ಫರ್ಟ್‌ಗೆ ಐವತ್ತು ನಿಮಿಷ ತಡವಾಗಿ ಬಂದವರು, ಅಷ್ಟೇ. ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ.

ಅರಸೀಕೆರೆಯಲ್ಲಿ ರೈಲು ಬದಲಿಸಿದವರಿಗೆ ಇದು ಹೊಸದೇನಲ್ಲ. ಹಾಸನದ ಗಾಡಿ ನಿಮಗೋಸ್ಕರ ಕಾಯುವುದಿಲ್ಲ.

ಮೂರೂವರೆ ಗಂಟೆ ಎಲ್ಲಿ ಹೋಗುತ್ತದೆ

ಒಂದು ಟಿಕೆಟ್‌ನವರಿಗೆ ವಿಮಾನ ನಿಲ್ದಾಣಗಳು 'ಕನಿಷ್ಠ ಕನೆಕ್ಷನ್ ಸಮಯ' ಅಂತ ಗೊತ್ತುಮಾಡಿರುತ್ತವೆ. ವಿಯೆನ್ನಾದಲ್ಲಿ ಅದು 25 ನಿಮಿಷಕ್ಕೆ ಇಳಿಯುತ್ತದೆ, ಫ್ರಾಂಕ್‌ಫರ್ಟ್‌ನಲ್ಲಿ 45 ನಿಮಿಷ. ಈ ಅಂಕಿಗಳನ್ನು ನೋಡಿ ಎರಡು ಟಿಕೆಟ್‌ನವರು 'ನನಗೆ ಎರಡು ಗಂಟೆ ಇದೆಯಲ್ಲ' ಎಂದು ಧೈರ್ಯ ತಂದುಕೊಳ್ಳುತ್ತಾರೆ. ಆ 25 ನಿಮಿಷ ಬ್ಯಾಗು ತಾನಾಗಿ ಹೋಗುವವರದು, ಬೋರ್ಡಿಂಗ್ ಪಾಸ್ ಆಗಲೇ ಜೇಬಿನಲ್ಲಿರುವವರದು.

ಎರಡು ಟಿಕೆಟ್‌ನವರು ಸಾಮಾನ್ಯವಾಗಿ ಬ್ಯಾಗು ಎತ್ತಿಕೊಂಡು ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕು. ನಿಮ್ಮದನ್ನು ಹೀಗೆ ಎಣಿಸಿ. ಎರಡನೇ ವಿಮಾನ ಮಧ್ಯಾಹ್ನ 2ಕ್ಕೆ. ಅಂತರರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಕೆಲವು ಕಂಪನಿಗಳು ಇನ್ನೂ ಮುಂಚೆ. ಅಂದರೆ ನಿಮ್ಮ ಗಡುವು 2 ಗಂಟೆಯಲ್ಲ, 1 ಗಂಟೆ. ಮೊದಲ ವಿಮಾನ ಹತ್ತೂವರೆಗೆ ಸರಿಯಾಗಿಯೇ ಇಳಿಯಿತು. ಸೀಟ್ ನಂಬರ್ 38ರಿಂದ ಬಾಗಿಲವರೆಗೆ ಬಂದು ಇಮಿಗ್ರೇಶನ್ ಸಾಲಿನ ಬಾಲ ಹಿಡಿಯುವಷ್ಟರಲ್ಲಿ 10:50. ಸಾಲಿನಲ್ಲಿ ಐವತ್ತು ನಿಮಿಷ, 11:40. ಬ್ಯಾಗು ಬರುವ ಬೆಲ್ಟಿನ ಮುಂದೆ ಇಪ್ಪತ್ತೈದು, 12:05. ಕಸ್ಟಮ್ಸ್ ದಾಟಿ ಹೊರಗೆ, 12:15. ಬೇರೆ ಟರ್ಮಿನಲ್‌ಗೆ ಬಸ್ಸೋ ರೈಲೋ, 12:40. ಕೌಂಟರಿನ ಸಾಲು ಇಪ್ಪತ್ತು ನಿಮಿಷ. ಗಂಟೆ ಒಂದು. ಎಲ್ಲವೂ ಸರಿಯಾಗಿ ನಡೆದ ದಿನದ ಲೆಕ್ಕ ಇದು. ಮೂರೂವರೆ ಗಂಟೆಯಲ್ಲಿ ಉಳಿದದ್ದು ಸೊನ್ನೆ.

ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಈ ಲೆಕ್ಕಕ್ಕೆ ಈಗ ಸ್ವಲ್ಪ ಸೇರಿಸಿಕೊಳ್ಳಬೇಕು. 2025ರ ಅಕ್ಟೋಬರ್ 12ರಿಂದ ಅಲ್ಲಿ ಹೊರದೇಶದವರ ಬೆರಳಚ್ಚು, ಮುಖಚಿತ್ರ ತೆಗೆದುಕೊಳ್ಳುವ ಹೊಸ ಗಡಿ ವ್ಯವಸ್ಥೆ ಶುರುವಾಗಿದೆ. ಮೊದಲ ಸಲ ದಾಖಲಾಗುವವರ ಸಾಲು ಇರುವೆಯ ಹಾಗೆ ಸಾಗುತ್ತದೆ.

ಡೆಲ್ಲಿ–ಮುಂಬೈಯಲ್ಲಿ ಮುರಿಯುವುದು

ಎರಡು ಟಿಕೆಟ್ ಕೊಳ್ಳಲೇಬೇಕೆಂದರೆ ಪ್ರಯಾಣ ಮುರಿಯುವ ಜಾಗ ನಮ್ಮ ದೇಶದಲ್ಲೇ ಇರಲಿ ಎಂಬುದು ನನ್ನ ಮೊದಲ ಆಯ್ಕೆ. ವೀಸಾದ ತಲೆನೋವಿಲ್ಲ. ತಪ್ಪಿದರೆ ಫೋನ್ ಮಾಡಲು ಯಾರಾದರೂ ಸಿಗುತ್ತಾರೆ, ಭಾಷೆ ಗೊತ್ತು, ಊಟ ಗೊತ್ತು. ಆದರೆ ಟರ್ಮಿನಲ್ ನೋಡದೆ ಟಿಕೆಟ್ ತೆಗೆಯಬೇಡಿ. ಡೆಲ್ಲಿಯಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಟಿ3ಯಿಂದ. ನಿಮ್ಮ ಬೆಂಗಳೂರು ವಿಮಾನ ಟಿ1ಕ್ಕೆ ಹೋಗಿ ಇಳಿದರೆ ನಡುವೆ ರಸ್ತೆ ಪ್ರಯಾಣ, ಟ್ರಾಫಿಕ್ಕು, ಮತ್ತೆ ಬಾಗಿಲಲ್ಲಿ ಭದ್ರತಾ ಸಿಬ್ಬಂದಿಗೆ ಟಿಕೆಟ್ ತೋರಿಸುವುದು. ಮುಂಬೈಯಲ್ಲೂ ಟಿ1 ಒಂದು ಕಡೆ, ಟಿ2 ಇನ್ನೊಂದು ಕಡೆ. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಡೆಲ್ಲಿಯ ಮಂಜು ಬೇರೆ. ಆ ದಿನಗಳಲ್ಲಿ ಬೆಳಿಗ್ಗೆ ಇಳಿಯುವ ವಿಮಾನ ಹಿಡಿದು ಮಧ್ಯಾಹ್ನದ ಕನೆಕ್ಷನ್ ನಂಬುವುದು ಸಾಹಸ. ದೇವನಹಳ್ಳಿಯ ಮುಂಜಾನೆಯನ್ನೂ ಆ ಕಾಲದಲ್ಲಿ ಪೂರ್ತಿ ನಂಬುವ ಹಾಗಿಲ್ಲ. ಹಿಂದಿನ ಸಂಜೆಯ ವಿಮಾನಕ್ಕೆ ಹೋಗಿ ರಾತ್ರಿ ತಂಗುವುದೇ ಸರಿ.

ಬರುವಾಗ ಕೊಂಚ ಸಲೀಸು. ಭಾರತದ ಪಾಸ್‌ಪೋರ್ಟ್ ಇದ್ದವರು, ಒಸಿಐ ಕಾರ್ಡಿನವರು (ಬೇರೆ ದೇಶದ ಪೌರರಾದ ಭಾರತ ಮೂಲದವರು) ಫಾಸ್ಟ್ ಟ್ರ್ಯಾಕ್ ಇಮಿಗ್ರೇಶನ್‌ಗೆ ಮೊದಲೇ ಹೆಸರು ಬರೆಸಿಕೊಂಡಿದ್ದರೆ ಇ-ಗೇಟಿನಲ್ಲಿ ಹೋಗಬಹುದು. 2024ರ ಜೂನ್‌ನಲ್ಲಿ ಡೆಲ್ಲಿಯಲ್ಲಿ ಶುರುವಾದ ಈ ಸೌಲಭ್ಯ 2025ರ ಜನವರಿಯಲ್ಲಿ ಬೆಂಗಳೂರು, ಮುಂಬೈ ಸೇರಿ ಇನ್ನೂ ಏಳು ಕಡೆ ಬಂತು.

ಆದರೆ ಬರುವಾಗಿನ ಈ ಸಲೀಸನ್ನು ಕೆಡಿಸುವುದು ತೂಕ. ಕೆನಡಾ, ಅಮೆರಿಕದಿಂದ ಬರುವವರ ಟಿಕೆಟ್‌ನಲ್ಲಿ ಎಷ್ಟೋ ಸಲ 23 ಕೆಜಿಯ ಎರಡು ಪೆಟ್ಟಿಗೆ ಬಿಡುತ್ತಾರೆ. ದೇಶದೊಳಗಿನ ಮಾಮೂಲಿ ಟಿಕೆಟ್‌ನಲ್ಲಿ 15 ಕೆಜಿ. ಒಂದೇ ಟಿಕೆಟ್ ಆದರೆ ಬೆಂಗಳೂರಿನವರೆಗೂ 46 ಕೆಜಿಯೇ. ಎರಡಾದರೆ 31 ಕೆಜಿ ಹೆಚ್ಚುವರಿ. ಕೆಜಿಗೆ ಐನೂರು ಅಂತ ಕಡಿಮೆಗೇ ಹಿಡಿದರೂ ಹದಿನೈದೂವರೆ ಸಾವಿರ. ಹೊರದೇಶದಿಂದ ಬಂದ ಟಿಕೆಟ್ ತೋರಿಸಿದರೆ ಕೆಲವು ಕಂಪನಿಗಳು ರಿಯಾಯಿತಿ ಕೊಡುತ್ತವೆ, ಮೊದಲೇ ಕೇಳಿ ಬರಹದಲ್ಲಿ ಪಡೆದಿರಬೇಕು. ನನ್ನ ಸೋದರಳಿಯನ ಮೂರು ಗಂಟೆಯ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದ್ದು ಇಲ್ಲೇ. ಅವನು ಒಂದೇ ಪೆಟ್ಟಿಗೆ ತರುವವನು, ಅದರಲ್ಲೂ ಅರ್ಧ ಒಗೆಯುವ ಬಟ್ಟೆ. ಅವನಿಗೆ ನಡೆಯುತ್ತದೆ. ಮದುವೆಗೆ ಬರುವ ಸಂಸಾರಕ್ಕೆ ನಡೆಯುವುದಿಲ್ಲ.

ಹೊರದೇಶದಲ್ಲಿ ಮುರಿಯುವುದು

ಇಲ್ಲಿ ಸಮಯಕ್ಕಿಂತ ಮೊದಲು ಕೇಳಬೇಕಾದ್ದು, ಆ ದೇಶದ ನೆಲಕ್ಕೆ ಕಾಲಿಡಲು ನಿಮಗೆ ಅನುಮತಿ ಇದೆಯೇ ಎಂದು. ಬ್ಯಾಗು ಬೆಲ್ಟಿನಿಂದ ಎತ್ತಿಕೊಳ್ಳಬೇಕಾದರೆ ಇಮಿಗ್ರೇಶನ್ ದಾಟಲೇಬೇಕು. ವಿಮಾನ ನಿಲ್ದಾಣದ ಒಳಗೇ ಇರಲು ಕೊಡುವ ಟ್ರಾನ್ಸಿಟ್ ವೀಸಾ ಅದಕ್ಕೆ ಸಾಲದು. ಷೆಂಗೆನ್ ಆದರೆ ಪ್ರವೇಶದ ವೀಸಾ ಬೇಕು. ಲಂಡನ್ನಿನಲ್ಲಿ ಒಳಗೇ ಇರುವವರಿಗೆ ಒಂದು ಬಗೆಯ ವೀಸಾ, ಹೊರಗೆ ಬಂದು 48 ಗಂಟೆಯೊಳಗೆ ಹೋಗುವವರಿಗೆ ಇನ್ನೊಂದು ಬಗೆ. ಅಮೆರಿಕ, ಕೆನಡಾದಂಥ ದೇಶಗಳ ವೀಸಾ ಇದ್ದವರಿಗೆ ವಿನಾಯಿತಿಗಳಿವೆ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ದೇಶದ ಸರ್ಕಾರಿ ಪುಟವನ್ನೇ ನೋಡಬೇಕು, ಕಳೆದ ವರ್ಷ ಹೋಗಿಬಂದ ಪಕ್ಕದ ಮನೆಯವರನ್ನಲ್ಲ.

ಹೆಚ್ಚಿನವರು ಎಡವುವುದು ಮಧ್ಯದ ಊರಿನಲ್ಲೂ ಅಲ್ಲ, ಬೆಂಗಳೂರಿನ ಟಿ2 ಕೌಂಟರಿನಲ್ಲಿ. ಮೊದಲ ಕಂಪನಿಯ ಕಂಪ್ಯೂಟರಿನಲ್ಲಿ ನಿಮ್ಮ ಪ್ರಯಾಣ ಮುಗಿಯುವುದು ಫ್ರಾಂಕ್‌ಫರ್ಟ್‌ನಲ್ಲಿ. ಜರ್ಮನಿಗೆ ವೀಸಾ ಎಲ್ಲಿ ಅಂತ ಕೇಳುತ್ತಾರೆ. ಮುಂದಿನ ಟಿಕೆಟ್ ಮೊಬೈಲಿನಲ್ಲಿ ತೋರಿಸಿದರೆ ಒಬ್ಬರು ಒಪ್ಪಬಹುದು, ಇನ್ನೊಬ್ಬರು ಒಪ್ಪದೆಯೂ ಇರಬಹುದು. ಒಪ್ಪದಿದ್ದರೆ ಪ್ರಯಾಣ ದೇವನಹಳ್ಳಿಯಲ್ಲೇ ಮುಗಿಯಿತು.

ನಮ್ಮ ಪಾಸ್‌ಪೋರ್ಟಿಗೆ ಸುಲಭವಾದದ್ದು ಪೂರ್ವದ ದಿಕ್ಕು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ. ಸಿಂಗಪುರದಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ಕೆಲವು ದೇಶಗಳ ವೀಸಾ ಹಿಡಿದು ಮೂರನೇ ದೇಶಕ್ಕೆ ಹೋಗುವವರಿಗೆ 96 ಗಂಟೆಯ ಅವಕಾಶವಿದೆ. ಬ್ಯಾಂಕಾಕ್ ಅಂದರೆ ಎರಡು ವಿಮಾನ ನಿಲ್ದಾಣ, ಸುವರ್ಣಭೂಮಿ ಮತ್ತು ಡಾನ್ ಮುಆಂಗ್. ಊರಿನ ಎರಡು ಮೂಲೆ. ಟಿಕೆಟ್‌ನಲ್ಲಿ 'ಬ್ಯಾಂಕಾಕ್' ಅಂತ ಮಾತ್ರ ಓದಿ ಮುಂದೆ ಹೋದವರು ಟ್ಯಾಕ್ಸಿಯಲ್ಲಿ ಕೂತು ಬೆವರುತ್ತಾರೆ. ಲಂಡನ್ನಿನ ಹೀಥ್ರೂ–ಗ್ಯಾಟ್ವಿಕ್, ಟೋಕಿಯೋದ ನರಿತಾ–ಹನೇಡ, ಇಸ್ತಾಂಬುಲ್‌ನ ಎರಡು ನಿಲ್ದಾಣ ಇವೆಲ್ಲ ಅದೇ ಕತೆ.

ದುಬೈಯಲ್ಲಿ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದ ಭಾರತೀಯರಿಗೆ ಇಳಿದ ಮೇಲೆ 14 ದಿನದ ವೀಸಾ ಸಿಗುತ್ತದೆ, ಹಾಗಾಗಿ ಅಮೆರಿಕದ ನಮ್ಮವರು ಅಲ್ಲಿ ಮುರಿಯುವುದುಂಟು. ಅವರು ಎರಡು ವಿಷಯ ಮರೆಯುತ್ತಾರೆ. ಒಂದು, ಟರ್ಮಿನಲ್ 2 ಇರುವುದು ರನ್‌ವೇಯ ಆಚೆ ಬದಿಗೆ, ಒಂದು ಮತ್ತು ಮೂರರಿಂದ ದೂರ. ಇನ್ನೊಂದು, ಗಸಗಸೆ. ನಮಗೆ ಪಾಯಸದ ಸಾಮಾನು. ಯುಎಇಯಲ್ಲಿ ಅದು ನಿಷಿದ್ಧ ವಸ್ತು. ಪೆಟ್ಟಿಗೆ ಎತ್ತಿಕೊಂಡು ಕಸ್ಟಮ್ಸ್ ದಾಟುವವರು ಆ ದೇಶಕ್ಕೆ ಸಾಮಾನು ತಂದವರಾಗುತ್ತಾರೆ, ಕೇವಲ ದಾಟಿಹೋಗುವವರಲ್ಲ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಮಾತ್ರೆಗೂ ಇದೇ ಮಾತು. ಫ್ರಾಂಕ್‌ಫರ್ಟ್‌ನಲ್ಲಿ ಪೆಟ್ಟಿಗೆ ಎತ್ತಿದರೆ ಅಮ್ಮ ಕಾಯಿಸಿ ಕೊಟ್ಟ ತುಪ್ಪಕ್ಕೆ ಸಂಚಕಾರ. ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಕಳಿಸುವ ಅತ್ತೆಯಂದಿರಿಗೆ ಕೊನೆಯ ಊರಿನ ನಿಯಮ ಗೊತ್ತಿರುತ್ತದೆ, ನಡುವಿನ ಊರಿನದು ಗೊತ್ತಿರುವುದಿಲ್ಲ.

ಕೌಲಾಲಂಪುರದ ನೆಲದ ಮೇಲೆ ಹರಡಿದ ಹುಳಿಪುಡಿ

2024ರಲ್ಲಿ ಜಕಾರ್ತಾದಲ್ಲಿರುವ ತಂಗಿ ಮನೆಗೆ ಹೊರಟಾಗ ಕೌಲಾಲಂಪುರದಲ್ಲಿ ಮುರಿದು ಎರಡು ಟಿಕೆಟ್ ಕೊಂಡೆ. ಉಳಿತಾಯ ಆರೂವರೆ ಸಾವಿರ. ನಡುವೆ ನಾಲ್ಕು ಗಂಟೆ. ಇಳಿದದ್ದು ಟರ್ಮಿನಲ್ 1, ಹತ್ತಬೇಕಾದ್ದು 2. ಎರಡಕ್ಕೂ ನಡುವೆ ರೈಲು, ಮೂರು ನಿಮಿಷದ ದಾರಿ. ಅದನ್ನು ಓದಿ ನೆಮ್ಮದಿಯಾಗಿದ್ದೆ. ಇಮಿಗ್ರೇಶನ್ ಮುಂದೆ ನಿಂತಾಗ ತಿಳಿಯಿತು, ಮಲೇಷ್ಯಾಕ್ಕೆ ವೀಸಾ ಬೇಡ, ಆದರೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿರಬೇಕು. ಸಾಲು ಬಿಟ್ಟು ಗೋಡೆಗೆ ಒರಗಿ, ಕನ್ನಡಕ ಹುಡುಕಿ, ಫೋನಿನಲ್ಲಿ ಪಾಸ್‌ಪೋರ್ಟ್ ನಂಬರ್ ಕುಟ್ಟಿದೆ. ಮತ್ತೆ ಸಾಲಿನ ಕೊನೆಗೆ. ಮೂರು ನಿಮಿಷದ ರೈಲಿಗೆ ಕಾದದ್ದು ಹದಿನೈದು ನಿಮಿಷ.

ಕೌಂಟರಿಗೆ ಸಮಯಕ್ಕೆ ಮುಟ್ಟಿದೆ. ಸಮಯದ ಬಗ್ಗೆ ಅಷ್ಟೆಲ್ಲ ಯೋಚಿಸಿದ್ದೆನಲ್ಲ, ತೂಕದ ಬಗ್ಗೆ ಯೋಚಿಸಿರಲಿಲ್ಲ. ಮೊದಲ ಟಿಕೆಟ್‌ನಲ್ಲಿ 30 ಕೆಜಿ, ಎರಡನೆಯದರಲ್ಲಿ 20. ನನ್ನ ಪೆಟ್ಟಿಗೆ 28. ಪಕ್ಕಕ್ಕೆ ಎಳೆದು ನೆಲದ ಮೇಲೆ ಬಿಚ್ಚಿದೆ. ಹುಳಿಪುಡಿ, ಚಟ್ನಿಪುಡಿ, ಹಪ್ಪಳದ ಕಟ್ಟು, ತಂಗಿಗೆ ಅಂತ ಅಮ್ಮ ಕೊಟ್ಟ ರೇಷ್ಮೆ ಸೀರೆ. ಜಾಕೆಟ್ ಹಾಕಿಕೊಂಡು ಅದರ ಜೇಬುಗಳಿಗೆ ಪುಡಿಯ ಪ್ಯಾಕೆಟ್ ತುಂಬಿದೆ. ಆದರೂ ಆರು ಕೆಜಿ ಮಿಕ್ಕಿತು. ಅದಕ್ಕೆ ಕಟ್ಟಿದ ದುಡ್ಡಿನಲ್ಲಿ ನನ್ನ ಆರೂವರೆ ಸಾವಿರದ ಉಳಿತಾಯ ಹೋಗಿ ಮೇಲೆ ಇನ್ನಷ್ಟು ಹೋಯಿತು. ತಪ್ಪು ಯಾರದೂ ಅಲ್ಲ, ನನ್ನದೇ. ಎರಡು ಟಿಕೆಟ್ ಅಂದರೆ ಎರಡು ತಕ್ಕಡಿ, ಚಿಕ್ಕದೇ ನಿಮ್ಮದು.

ನಡುವಿನ ದಾರಿಗಳು

ಕೈಚೀಲ ಮಾತ್ರ ಇದ್ದರೆ ಅರ್ಧ ಕಷ್ಟ ಕಳೆಯಿತು: ಬೆಲ್ಟಿಲ್ಲ, ಕೌಂಟರಿಲ್ಲ, ಬೋರ್ಡಿಂಗ್ ಪಾಸ್ ಫೋನಿನಲ್ಲೇ ಇದ್ದರೆ ಟ್ರಾನ್ಸಿಟ್ ದಾರಿಯಲ್ಲೇ ನಡೆದುಹೋಗಬಹುದು. ಆದರೆ ಯುರೋಪಿನ ಕೆಲವು ಅಗ್ಗದ ಕಂಪನಿಗಳು ನಮ್ಮಂಥವರ ವೀಸಾ ದಾಖಲೆಯನ್ನು ಹೊರಗಿನ ಕೌಂಟರಿನಲ್ಲೇ ನೋಡಬೇಕೆನ್ನುತ್ತವೆ. ಕೈಚೀಲದವರೂ ಹೊರಗೆ ಬಂದು ಒಳಗೆ ಹೋಗಬೇಕು. ಅಮೆರಿಕದಲ್ಲಂತೂ ಒಳಗೇ ಉಳಿಯುವ ದಾರಿಯೇ ಇಲ್ಲ, ಮೊದಲು ಇಳಿದ ಊರಿನಲ್ಲೇ ಬಹುತೇಕ ಎಲ್ಲರಿಗೂ ಇಮಿಗ್ರೇಶನ್.

ರಾತ್ರಿ ತಂಗುವುದು ನನಗೆ ಇಷ್ಟ. ಹೋಟೆಲಿಗೆ ನಾಲ್ಕೈದು ಸಾವಿರ ಖರ್ಚು, ಆದರೆ ಕನೆಕ್ಷನ್ ಎಂಬ ಪದವೇ ಲೆಕ್ಕದಿಂದ ಹೋಗುತ್ತದೆ.

ಕಿವಿ.ಕಾಮ್‌ನಂಥ ಸೈಟುಗಳು ತಾವೇ ಜೋಡಿಸಿದ ಟಿಕೆಟ್‌ಗಳಿಗೆ ದುಡ್ಡು ತೆಗೆದುಕೊಂಡು ತಮ್ಮದೇ ಖಾತರಿ ಕೊಡುತ್ತವೆ. ಅದು ಆ ಸೈಟಿನ ಮಾತು, ವಿಮಾನ ಕಂಪನಿಯದಲ್ಲ. ಕೌಂಟರಿನಲ್ಲಿ ತೋರಿಸಿದರೆ ಅವರಿಗೆ ಅದು ಕಾಗದ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ 'ಮಿಸ್ಡ್ ಕನೆಕ್ಷನ್' ಅಂತ ಇದ್ದರೆ ಪಾಲಿಸಿಯ ಪೂರ್ತಿ ಪಠ್ಯದಲ್ಲಿ ಎರಡು ಸಂಗತಿ ಹುಡುಕಿ: ಬೇರೆ ಬೇರೆ ಟಿಕೆಟ್‌ಗೂ ಅನ್ವಯಿಸುತ್ತದೆಯೇ, ಮೊದಲ ವಿಮಾನ ಎಷ್ಟು ಗಂಟೆ ತಡವಾಗಿರಬೇಕು.

ಯಾರಿಗೆ ಯಾವುದು

ದುಡ್ಡಿನ ಲೆಕ್ಕ ಸುಲಭ. ಎರಡು ಟಿಕೆಟ್‌ನಲ್ಲಿ 14,000 ಉಳಿಯುತ್ತದೆ, ತಪ್ಪಿದರೆ ಹೊಸದಾಗಿ ಕೊಳ್ಳಲು 70,000 ಬೇಕು ಅಂತಿಟ್ಟುಕೊಳ್ಳಿ. ಐದು ಸಲದಲ್ಲಿ ಒಂದು ಸಲ ತಪ್ಪಿದರೆ ಸರಿಗೆ ಸರಿ. ಐದಾರು ಗಂಟೆ ಬಿಟ್ಟುಕೊಂಡರೆ ಐದರಲ್ಲಿ ಒಂದು ತಪ್ಪುವುದಿಲ್ಲ; ಆದ್ದರಿಂದ ಒಬ್ಬರೇ ಓಡಾಡುವ, ಒಂದು ಬ್ಯಾಗಿನ, ಎರಡು ದಿನ ಹಿಂದುಮುಂದಾದರೂ ನಷ್ಟವಿಲ್ಲದ ಹುಡುಗರು ಎರಡು ಟಿಕೆಟ್ ಕೊಳ್ಳುವುದು ಮೂರ್ಖತನವಲ್ಲ. ನಾಲ್ಕು ಜನರ ಸಂಸಾರಕ್ಕೆ ಅದೇ ಲೆಕ್ಕ ಬರುವುದಿಲ್ಲ, ತಪ್ಪಿದರೆ ಒಂದೇ ದಿನ 2,80,000 ಹೊಂದಿಸಬೇಕು. ಸೇರುವ ದಿನ ಗಟ್ಟಿಯಾಗಿದ್ದರೆ, ಅಂದರೆ ಕಾಲೇಜಿನ ಮೊದಲ ದಿನ, ನಿಶ್ಚಿತಾರ್ಥ, ಮಗಳ ಹೆರಿಗೆ, ಆಗಲೂ ಬೇಡ.

ಮೊದಲ ಸಲ ಹೊರದೇಶಕ್ಕೆ ಹೋಗುವ ಅಪ್ಪ ಅಮ್ಮನಿಗೆ ಎರಡು ಟಿಕೆಟ್ ಕೊಡಿಸುವವರ ಜೊತೆ ನಾನು ಜಗಳವಾಡಿದ್ದೇನೆ, ಇನ್ನೂ ಆಡುತ್ತೇನೆ. ಅವರಿಗೆ ವೀಲ್‌ಚೇರ್ ಸಹಾಯವನ್ನೂ ಎರಡು ಕಂಪನಿಗಳಿಗೆ ಬೇರೆ ಬೇರೆ ಹೇಳಬೇಕಾಗುತ್ತದೆ, ಮಧ್ಯದಲ್ಲಿ ಕೈ ಬದಲಾಯಿಸುವವರು ಯಾರೂ ಇರುವುದಿಲ್ಲ.

ಯಾವುದೇ ಆಯ್ಕೆ ಮಾಡಿದ್ದರೂ ಬೆಂಗಳೂರು ಕೌಂಟರಿನಲ್ಲಿ ಬ್ಯಾಗಿಗೆ ಅಂಟಿಸುವ ಪಟ್ಟಿ ನೋಡಿ. ಅದರ ಮೇಲೆ ದಪ್ಪಕ್ಷರದಲ್ಲಿ ಬ್ಯಾಗು ಹೋಗುವ ಊರಿನ ಮೂರಕ್ಷರ ಇರುತ್ತದೆ. ಟೊರಾಂಟೊ ಆದರೆ ವೈವೈಝಡ್, ಡೆಲ್ಲಿ ಆದರೆ ಡಿಇಎಲ್. ಎರಡು ಟಿಕೆಟ್ ಇದ್ದರೂ ಕಂಪನಿಗಳ ನಡುವೆ ಒಪ್ಪಂದ ಇದ್ದರೆ ಕೊನೆಯವರೆಗೆ ಹಾಕಿಕೊಡುವವರಿದ್ದಾರೆ, ಕೇಳಿದರೆ ಮಾತ್ರ. ಅಗ್ಗದ ಕಂಪನಿಗಳಲ್ಲಿ ಕೇಳುವುದೂ ಬೇಡ.

ಇನ್ನು ಮೊದಲ ವಿಮಾನ ಆಗಲೇ ತಡವಾಗಿ, ಎರಡನೆಯದು ಸಿಗುವುದಿಲ್ಲ ಅಂತ ಖಾತ್ರಿಯಾಗಿದ್ದರೆ ಸುಮ್ಮನೆ ಕೂರಬೇಡಿ. ಬಾಗಿಲು ಮುಚ್ಚಿ ನಿಮ್ಮ ಹೆಸರಿನ ಮುಂದೆ ನೋ-ಶೋ ಬೀಳುವ ಮೊದಲು ಎರಡನೇ ಕಂಪನಿಗೆ ಫೋನ್ ಮಾಡಿ, ಅಥವಾ ಆ್ಯಪ್‌ನಲ್ಲೇ ದಿನಾಂಕ ಬದಲಿಸಲು ನೋಡಿ. ಬದಲಾವಣೆಗೆ ಅವಕಾಶವಿರುವ ಟಿಕೆಟ್ ಆದರೆ ಶುಲ್ಕ, ಬೆಲೆಯ ವ್ಯತ್ಯಾಸ ಕಟ್ಟಿ ಮುಂದಿನ ವಿಮಾನ ಸಿಗುತ್ತದೆ, ಬರುವ ಟಿಕೆಟ್ಟೂ ಉಳಿಯುತ್ತದೆ. ಗಡುವು ಕಂಪನಿಯಿಂದ ಕಂಪನಿಗೆ ಬೇರೆ, ಆ ಅಂಕಿಯನ್ನು ಹೊರಡುವ ಮುಂಚೆಯೇ ಬರೆದಿಟ್ಟುಕೊಂಡಿರಿ. ಬೆಂಗಳೂರಿನ ಗೇಟಿನ ಮುಂದೆ ಕೂತು 'ವಿಮಾನ ಇನ್ನೂ ಬಂದಿಲ್ಲ' ಅಂತ ಫಲಕ ನೋಡುತ್ತಿರುವ ಹೊತ್ತಿನಲ್ಲೇ ಈ ಫೋನ್ ಆಗಬೇಕು. ಹತ್ತಿದ ಮೇಲೆ ಮೂರು ಗಂಟೆ ಫೋನ್ ಇರುವುದಿಲ್ಲ.